ಸೀರಣಿಗೆ

ಕಸದ ಆಟೋಗೆ ಮುತ್ತಿಟ್ಟು ಬಂದಿತ್ತು ಕಾರು.
ಮುಂದೆ ಕೆಂಪು ‘ಎಲ್’, ಬಾಗಿಲ ಮೇಲೆ ಹಳದಿ ಅಕ್ಷರ:
ಲಲಿತಾಬಾಯಿ ಡ್ರೈವಿಂಗ್ ಸ್ಕೂಲ್, ಮಹಿಳೆಯರಿಗೆ ಮಾತ್ರ.
ಚಳ್ಳಕೆರೆ ಟೋಲ್‌ಗೇಟಿನಿಂದ ನನ್ನ ಶೆಡ್ಡಿನವರೆಗೂ
ಟಾರಿನ ಮೇಲೆ ಹಸಿರು ಹನಿ,
ಯಾರೋ ರಂಗೋಲಿಗೆ ಚುಕ್ಕಿ ಇಟ್ಟು
ಗೆರೆ ಎಳೆಯುವುದ ಮರೆತಂತೆ.

‘ಸಣ್ಣ ತೂತು ಜಬಿಯಣ್ಣ, ಏನಾದರೂ ಮೆತ್ತಿ ಕಳಿಸು,
ನಾಳೆ ಆರಕ್ಕೆ ಬ್ಯಾಚಿದೆ’ ಅಂದರು ಲಲಿತಾಬಾಯಿ.
ಹಿಂದಿನ ಸೀಟಿನಲ್ಲಿ ತಿಪ್ಪೀರಮ್ಮ,
ಅಂಗನವಾಡಿಯ ಸೀರೆ, ಐವತ್ತೆರಡರ ವಯಸ್ಸು,
ಇಳಿಯಲೊಲ್ಲರು.
ಬ್ರೇಕು ಅಂತಲೇ ಒತ್ತಿದ್ದಂತೆ. ಕಾಲಿಗೇನು ಗೊತ್ತು.

ದುರ್ಗದಲ್ಲಿ ಕೂತು ಕಿಂಡಿಯನ್ನು ಸಣ್ಣದೆನ್ನಬಾರದು,
ಅಂದೆ. ಯಾರೂ ನಗಲಿಲ್ಲ.

ನಮ್ಮಪ್ಪ ಕಲಾಯಿಯವನು.
ತಾಮ್ರದ ತಪ್ಪಲೆ ಕಾಸಿ
ನವಸಾಗರ ಉದುರಿಸಿದರೆ ಬಿಳಿ ಹೊಗೆ,
ಹೊಗೆಯೊಳಗೆ ತವರ ಹರಿದು
ತಪ್ಪಲೆಯ ಹೊಟ್ಟೆಯಲ್ಲಿ ಬೆಳಗಾಗುತ್ತಿತ್ತು.
ನಾನು ಲಾರಿ ರೇಡಿಯೇಟರಿಗೆ ಬಂದೆ. ಅದೂ ತಾಮ್ರ, ಹಿತ್ತಾಳೆ.
ಬೆಂಕಿ ತೋರಿಸಿದರೆ ಬೆಸುಗೆ ಓಡಿಬಂದು
ತೂತಿಗೆ ಸೇರುತ್ತಿತ್ತು, ಕರೆದ ಕರುವಿನ ಹಾಗೆ.

ಇದು ಅಲ್ಯೂಮಿನಿಯಂ.
ಬೆಸುಗೆ ಇದರ ಮೇಲೆ ಕೆಸುವಿನೆಲೆಯ ನೀರು.
ಉಜ್ಜಿದರೆ ಹೊಳೆಯುತ್ತದೆ, ಉಜ್ಜಿದ ಮರುಗಳಿಗೆಗೇ
ಗಾಳಿ ತಾಗಿ ಕಣ್ಣಿಗೆ ಕಾಣದ ಪೊರೆ.
ಮೊದಲ ವರ್ಷ ಏಳು ಹಾಳು ಮಾಡಿದೆ.
ಎಂಟನೆಯದನ್ನು ತೊಡೆಯ ಮೇಲಿಟ್ಟುಕೊಂಡು
ಸತ್ತ ಅಪ್ಪನನ್ನು ಬೈದೆ,
ತಪ್ಪು ಲೋಹ ಕಲಿಸಿಬಿಟ್ಟೆಯಲ್ಲಪ್ಪಾ ಅಂತ.

ಬಿಚ್ಚಿದೆ. ಕೂಲೆಂಟು ಬಕೆಟ್ಟಿಗೆ.
ತೂತಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ರೆಕ್ಕೆ:
ಕಾಗದಕ್ಕಿಂತ ತೆಳು, ಸಾವಿರಾರು,
ಒಂದು ಗೇಣಿನಷ್ಟು ಮಗ್ಗುಲಾಗಿ ಮಲಗಿದ್ದವು
ಗಾಳಿಗೆ ಬಿದ್ದ ನವಣೆಯಂತೆ.
ಇದಕ್ಕೆಂದೇ ಬಾಚಣಿಗೆ ಬರುತ್ತದಂತೆ ಅಂಗಡಿಗೆ,
ನನ್ನ ಬಳಿ ಇರುವುದು ಮನೆಯಿಂದ ಎಗರಿಸಿದ ಸೀರಣಿಗೆ.
ಉಸಿರು ಹಿಡಿದು ಒಂದು ಸಾಲು, ಮತ್ತೊಂದು ಸಾಲು.
ಜೋರು ಮಾಡಿದರೆ ಹರಿಯುತ್ತದೆ, ಬಿಟ್ಟರೆ ಏಳುವುದಿಲ್ಲ.

ತಿಪ್ಪೀರಮ್ಮ ಯಾವಾಗ ಇಳಿದರೋ,
ಪಕ್ಕದಲ್ಲಿ ಕುಕ್ಕರುಗಾಲಲ್ಲಿ.
‘ಇತ್ತ ಕೊಡಿ. ದಿನಾ ಇಪ್ಪತ್ತು ತಲೆ ಬಾಚ್ತೀನಿ.’
ಕೊಟ್ಟೆ.
ಬುಡದಿಂದಲ್ಲ, ತುದಿಯಿಂದ ಹಿಡಿದರು.
ಇಷ್ಟು ವರ್ಷದಲ್ಲಿ ನನಗಿದು ಹೊಳೆದಿರಲಿಲ್ಲ.

ತೂತು: ಅಕ್ಕಿನುಚ್ಚಿನಷ್ಟು.
ಮಾತು ಮನೆ ಕೆಡಿಸಿತು ಅನ್ನುತ್ತಾರೆ, ತೂತು ಒಲೆ ಕೆಡಿಸಿತು.
ಇದೂ ಒಲೆಯೇ, ನಾಲ್ಕು ಚಕ್ರದ್ದು.
ಎಮರಿ, ಆಮೇಲೆ ಥಿನ್ನರಿನ ಬಟ್ಟೆ.
ಇನ್ನು ಮುಟ್ಟುವಂತಿಲ್ಲ,
ಬೆರಳ ಜಿಡ್ಡೂ ಅದಕ್ಕೆ ಮೈಲಿಗೆ.
ಎರಡು ಟ್ಯೂಬು, ಕರಿದೊಂದು ಬಿಳಿದೊಂದು,
ಸಮಸಮ ಕಲಸಿ, ಬೂದಿಬಣ್ಣಕ್ಕೆ ತಿರುಗಿದಾಗ
ಕಡ್ಡಿತುದಿಯಿಂದ ಒತ್ತಿದೆ.
‘ಆಯ್ತಾ?’
‘ಇಲ್ಲ. ರಾತ್ರಿಯಿಡೀ ಬಿಡಬೇಕು.’
‘ಬ್ಯಾಚು?’
‘ನಾಳೆ ನಡೆಯೋದು ಕಲಿಸಿ.’

ಬೆಳಿಗ್ಗೆ ಕಲ್ಲುಬಾನಿಯಲ್ಲಿ ಮುಳುಗಿಸಿ
ಸೈಕಲ್ ಪಂಪಿನಿಂದ ಗಾಳಿ ಕೊಟ್ಟೆ.
ಮೂವರ ತಲೆ ಬಾನಿಯ ಮೇಲೆ.
ಒಂದು ಗುಳ್ಳೆ ಎದ್ದಿತು.
ಲಲಿತಾಬಾಯಿ ‘ಅಯ್ಯೋ’ ಅಂದರು.
ಕಾದೆ. ಎರಡನೆಯದು ಬರಲಿಲ್ಲ.
ರೆಕ್ಕೆಯ ಸಂದಿಯಲ್ಲಿ ಅಡಗಿದ್ದ
ನಿನ್ನೆಯ ಗಾಳಿ, ಅಷ್ಟೆ.

ಎಂಟುನೂರು ರೂಪಾಯಿ. ಅರ್ಧ ತಿಪ್ಪೀರಮ್ಮನದು,
ಹಟ ಹಿಡಿದು, ಸೆರಗಿನ ಗಂಟಿನಿಂದ.
ಸ್ಟೇರಿಂಗೂ ಅವರದೇ.
ಬಿಸಿಯ ಮುಳ್ಳು ನಡುವಿಗೆ ಬಂದು ನಿಂತಿತು.
ಕಾರು ಕಪ್ಪೆಯ ಹಾಗೆ ಎರಡು ಸಲ ಕುಪ್ಪಳಿಸಿ
ಆಫಾಯಿತು.
‘ಕ್ಲಚ್ಚು ಮೆಲ್ಲಗೆ ಬಿಡಿ’ ಕೂಗಿದೆ, ‘ತುದಿಯಿಂದ!’

ರಾತ್ರಿ ಸೀರಣಿಗೆ ತೊಳೆದು ಗೂಡಿನಲ್ಲಿಟ್ಟೆ.
ಹಲ್ಲಿನ ಸಂದಿಯಲ್ಲಿ ಬೆಳ್ಳಿಪುಡಿ ಉಳಿದಿತ್ತೇನೋ.
ಶಾಹಿದಾ ದೀಪದ ಕಡೆ ಹಿಡಿದು, ಕಣ್ಣು ಕಿರಿದು ಮಾಡಿ,
‘ಯಾರ ತಲೆಯದು?’ ಅಂದಳು.